ನಲವತ್ತು-ಅರವತ್ತರ ನಿವೇಶನದಲ್ಲಿ ಏಳು ಬಾಡಿಗೆ ಮನೆ ಕಟ್ಟುವುದು ಹೇಗೆ

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆ, ನಡುವೆ ಕಲ್ಲು ಹಾಸಿದ ಅಂಗಳ, ಮೂಲೆಯಲ್ಲಿ ಒಂದೇ ಒಂದು ನಲ್ಲಿ. ಸಂಜೆ ಕಟ್ಟೆಯ ಮೇಲೆ ಒಟ್ಟಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸರೇ ಬೆಳಗಿನ ಐದು ಗಂಟೆಗೆ ಕೊಡಗಳ ಸಾಲಿನಲ್ಲಿ ಜುಟ್ಟು ಹಿಡಿಯುವವರೆಗೂ ಹೋಗುತ್ತಿದ್ದರು. ಮೂವತ್ತು ವರ್ಷಗಳಿಂದ ಬಾಡಿಗೆ ಕಟ್ಟಡಗಳ ನಕ್ಷೆ ಬರೆಯುತ್ತಿದ್ದೇನೆ. ಆ ಕಟ್ಟೆಯೂ ಮರೆತಿಲ್ಲ, ಆ ನಲ್ಲಿಯೂ ಮರೆತಿಲ್ಲ. ನನ್ನ ಲೆಕ್ಕ ಇಷ್ಟೇ: ಬಳಸಿದರೂ ಮುಗಿಯದ ಗಾಳಿ, ನೆರಳು, ಕೂರುವ ಜಾಗ, ಟೆರೇಸು ಎಲ್ಲರಿಗೂ ಸೇರಿರಲಿ. ಬಳಸಿದರೆ ಮುಗಿಯುವ ನೀರು, ಬಿಸಿನೀರು, ಕರೆಂಟು ಮನೆಮನೆಗೂ ಅಳತೆಯಲ್ಲಿ ಹೋಗಲಿ.

ಈಗ ಬೆಂಗಳೂರಿನ ನಲವತ್ತು ಅಡಿ ಅಗಲ, ಅರವತ್ತು ಅಡಿ ಉದ್ದದ, ಅಂದರೆ 2400 ಚದರಡಿಯ ನಿವೇಶನವೊಂದನ್ನು ತೆಗೆದುಕೊಳ್ಳಿ. ನೆಲಮಟ್ಟದಲ್ಲಿ ವಾಹನಗಳ ಜಾಗ ಮತ್ತು ಒಂದು ಚಿಕ್ಕ ಮನೆ, ಮೇಲಿನ ಮೂರು ಅಂತಸ್ತುಗಳಲ್ಲಿ ಎರಡೆರಡು ಮನೆ. ಒಟ್ಟು ಇಪ್ಪತ್ತನಾಲ್ಕು ಜನ ಎಂದಿಟ್ಟುಕೊಳ್ಳಿ. ಸರ್ಕಾರಿ ಮಾನದಂಡದಂತೆ ತಲೆಗೆ ದಿನಕ್ಕೆ 135 ಲೀಟರ್, ಅಂದರೆ ದಿನಕ್ಕೆ 3240 ಲೀಟರ್ ನೀರು ಬೇಕು.

ಮಾಲೀಕರು ಬಂದ ಕೂಡಲೇ ಮಲಗುವ ಕೋಣೆ ಎಷ್ಟು ದೊಡ್ಡದು ಎಂದು ಕೇಳುತ್ತಾರೆ. ನಾನು ಮೊದಲು ಬರೆಯುವುದು ನೀರಿನ ಪೈಪಿನ ಗೆರೆ. ಇದಕ್ಕೆ ಕಾರಣ ನನ್ನದೇ ಒಂದು ತಪ್ಪು. ನನ್ನ ಮೊದಲ ಕಟ್ಟಡಗಳಲ್ಲೊಂದಕ್ಕೆ ಒಂದೇ ಮೀಟರ್ ಇತ್ತು, ಬಿಲ್ಲನ್ನು ಮನೆಗಳಿಗೆ ಸಮನಾಗಿ ಹಂಚುತ್ತಿದ್ದರು. ಕೆಳಗಿನ ವೃದ್ಧ ದಂಪತಿ ಕೊಡುತ್ತಿದ್ದಷ್ಟೇ ಹಣವನ್ನು ಮೇಲೆ ಆರು ಜನರಿದ್ದು ದಿನವೂ ವಾಷಿಂಗ್ ಮೆಷಿನ್ ಓಡಿಸುವ ಮನೆಯೂ ಕೊಡುತ್ತಿತ್ತು. ಮಾತಿಗೆ ಮಾತು ಬೆಳೆಯಿತು. ಮನೆಗೊಂದು ಮೀಟರ್ ಹಾಕೋಣವೆಂದು ಹೋಗಿ ನೋಡಿದರೆ ಪ್ರತಿ ಮನೆಗೂ ನೀರು ನಾಲ್ಕು ಕಡೆಯಿಂದ ಒಳಗೆ ಬರುತ್ತಿತ್ತು: ಅಡುಗೆಮನೆಗೆ ಒಂದು ಪೈಪು, ಎರಡು ಬಚ್ಚಲಿಗೆ ಎರಡು, ಬಟ್ಟೆ ಒಗೆಯುವ ಕಡೆಗೆ ಇನ್ನೊಂದು. ಮನೆಗೆ ನಾಲ್ಕು ಮೀಟರ್ ಎಂದಾಗ ಮಾಲೀಕರು ಕೈಮುಗಿದರು.

ಆದ್ದರಿಂದ ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಜಾಗ ಬೆನ್ನಿಗೆ ಬೆನ್ನು ತಾಗುವಂತೆ ಇರಲಿ. ಟ್ಯಾಂಕಿನಿಂದ ಇಳಿಯುವ ಪೈಪು ಮೆಟ್ಟಿಲ ಬದಿಯಲ್ಲೇ ಬರಲಿ. ಪ್ರತಿ ಮನೆಯ ಬಾಗಿಲ ಪಕ್ಕ ಎದೆಯೆತ್ತರಕ್ಕೆ ಒಂದು ಗೂಡು, ಅದರಲ್ಲಿ ಒಂದು ವಾಲ್ವ್, ಒಂದು ಮೀಟರ್. ಅಲ್ಲಿಂದ ಒಂದೇ ಪೈಪು ಒಳಗೆ ಹೋಗಿ ಎಲ್ಲ ನಲ್ಲಿಗಳಿಗೂ ಕವಲೊಡೆಯಲಿ. ಮೀಟರ್ ಓದಲು ಯಾರ ಮನೆಯ ಬಾಗಿಲನ್ನೂ ತಟ್ಟಬೇಕಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ನೀರಿನ ಬೆಲೆ ಏರಿದಾಗ, ಹೀಗೆ ಕಟ್ಟಿದ ಮನೆಗಳಿಂದ ನನಗೆ ಒಂದು ಜಗಳದ ಫೋನೂ ಬರಲಿಲ್ಲ.

ಮಳೆನೀರಿನ ಬಗ್ಗೆ ದೊಡ್ಡ ಆಸೆ ಹುಟ್ಟಿಸುವುದಿಲ್ಲ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 130 ಚದರ ಮೀಟರ್ ಚಾವಣಿಯಿಂದ, ಸೋರಿ ಆರಿ ಹೋದದ್ದನ್ನು ಕಳೆದರೆ, ಒಂದು ಲಕ್ಷ ಲೀಟರ್ ಸಿಕ್ಕೀತು. ಇಪ್ಪತ್ತನಾಲ್ಕು ಜನಕ್ಕೆ ಅದು ಒಂದು ತಿಂಗಳ ನೀರು. ಇಷ್ಟಾದರೂ ಬಿಡಬೇಡಿ, ಈ ಅಳತೆಯ ನಿವೇಶನಕ್ಕೆ ಕಾನೂನಿನ ಪ್ರಕಾರವೂ ಮಳೆನೀರು ಹಿಡಿಯಲೇಬೇಕು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ ನೆಲದಡಿಯ ತೊಟ್ಟಿಗೆ, ಅಂದರೆ ಸಂಪಿಗೆ, ಇಳಿಸಿ. ತುಂಬಿ ಹೆಚ್ಚಾದದ್ದು ಇಂಗುಬಾವಿಗೆ ಹೋಗಲಿ. ಮೂರಡಿ ಅಗಲದ ಸಿಮೆಂಟ್ ರಿಂಗುಗಳು, ಇಪ್ಪತ್ತಡಿ ಆಳ, ತಳಕ್ಕೆ ಕಾಂಕ್ರೀಟ್ ಬೇಡವೇ ಬೇಡ. ಬಾವಿ ತೋಡುವುದನ್ನೇ ಕಸುಬಾಗಿ ಉಳಿಸಿಕೊಂಡಿರುವ ಕುಟುಂಬಗಳು ನಗರದ ಸುತ್ತ ಇಂದಿಗೂ ಇವೆ. ಅವರ ಕೈಯಲ್ಲೇ ಮಾಡಿಸಿ. ಒಳಚರಂಡಿಯ ಚೇಂಬರಿನಿಂದ ದೂರವಿರಲಿ.

ಸೋಲಾರ್ ಬಿಸಿನೀರನ್ನೂ ಹಂಚಿಯೇ ಕೊಡಬೇಕು. ಎಲ್ಲರಿಗೂ ಒಂದು ದೊಡ್ಡ ಟ್ಯಾಂಕ್ ಇಟ್ಟರೆ ಐದೂವರೆಗೆ ಏಳುವವರೇ ರಾಜರು. ಎರಡು ಮನೆಗೊಂದು ಚಿಕ್ಕ ಟ್ಯಾಂಕ್ ಇಡಿ, ಪೈಪಿಗೆ ಶಾಖ ಹಿಡಿಯುವ ಹೊದಿಕೆ ಸುತ್ತಿಸಿ. ಇಲ್ಲದಿದ್ದರೆ ಕೆಳಮನೆಯವರು ಬಿಸಿನೀರು ಬರುವ ತನಕ ತಣ್ಣೀರನ್ನು ಬಕೆಟ್‌ಗಟ್ಟಲೆ ಚೆಲ್ಲುತ್ತಾರೆ.

ಇನ್ನು ಕಟ್ಟೆ. ಒಮ್ಮೆ ಒಬ್ಬ ಮಾಲೀಕರನ್ನು ಒಪ್ಪಿಸಿ ನೆಲಮಟ್ಟದಲ್ಲಿ ಎಲ್ಲರೂ ಸೇರುವುದಕ್ಕೆಂದೇ ಒಂದು ಕೋಣೆ ಕಟ್ಟಿಸಿದೆ. ಆರು ತಿಂಗಳಲ್ಲಿ ಅದರ ತುಂಬ ಮುರಿದ ಸೈಕಲ್ಲು, ಹಳೇ ಹಾಸಿಗೆ. ಜನ ಸೇರಲೆಂದು ಎದ್ದು ಹೋಗುವುದಿಲ್ಲ. ಹೋಗುವ ದಾರಿಯಲ್ಲಿ ನಿಲ್ಲುತ್ತಾರೆ. ಹಾಗಾಗಿ ಆ ಚದರಡಿಗಳನ್ನೆಲ್ಲ ಮೆಟ್ಟಿಲಿಗೆ ಕೊಡಿ. ಮೂರಡಿಯ ಬದಲು ನಾಲ್ಕಡಿ ಅಗಲ. ಫ್ರಿಜ್ ಹೊರುವವರಿಗೂ ಸ್ಟ್ರೆಚರಿಗೂ ಅನುಕೂಲ. ಪ್ರತಿ ತಿರುವಿನಲ್ಲಿ ಹದಿನಾರು ಅಂಗುಲ ಎತ್ತರಕ್ಕೆ ಸಾದರಹಳ್ಳಿ ಕಲ್ಲಿನ ಒಂದು ಹಾಸು. ಮೆಟ್ಟಿಲನ್ನು ಪಶ್ಚಿಮದ ಗೋಡೆಗೆ ಇಟ್ಟು ಆ ಗೋಡೆಗೆ ಗಾಳಿ-ಬೆಳಕು ಬಿಡುವ ತೂತುಗಳ ಜಾಲಿ ಇಟ್ಟಿಗೆ ಕಟ್ಟಿ. ಇಳಿಬಿಸಿಲಿನ ಕಾವನ್ನು ಮೆಟ್ಟಿಲೇ ತಡೆಯುತ್ತದೆ, ಮುಂಗಾರಿನ ಗಾಳಿ ಒಳಗೆ ಆಡುತ್ತದೆ, ಹಗಲು ದೀಪ ಬೇಡ. “ಬಾಡಿಗೆ ಮನೆಗೆ ಇಷ್ಟೆಲ್ಲ ಯಾಕೆ ಮೇಡಂ?” ಎಂದು ಕೇಳಿದ ಮೇಸ್ತ್ರಿಯೇ ಕೆಲಸ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಬುತ್ತಿಯನ್ನು ಆ ಕಲ್ಲಿನ ಮೇಲೆ ಬಿಚ್ಚುತ್ತಿದ್ದ.

ನೆಲಮಟ್ಟದ ಚಿಕ್ಕ ಮನೆಯನ್ನು ಹಿರಿಯರಿಗೇ ಕೊಡಿ. ಹೊಸ್ತಿಲು ಎತ್ತರ ಬೇಡ, ಅಡುಗೆಮನೆಯ ಕಿಟಕಿ ಗೇಟಿನ ಕಡೆಗಿರಲಿ. ಕಾವಲುಗಾರನ ಸಂಬಳ ಉಳಿಯುತ್ತದೆ ಎಂದು ನಾನು ಹೇಳಿದರೆ ನನ್ನ ಮಗಳು ಮುಖ ಸಿಂಡರಿಸುತ್ತಾಳೆ.

ಗೋಡೆಗೆ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ಒಳ್ಳೆಯದು, ಸುಡುವ ಸೌದೆ ಉಳಿಯುತ್ತದೆ. ಇದನ್ನು ಬೆಳೆಸಿದ್ದು ನಮ್ಮದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ. ಸಂಪು ತೋಡಿದ ಮಣ್ಣನ್ನು ಪರೀಕ್ಷೆ ಮಾಡಿಸಿ. ಹೊಂದಿದರೆ ಅದನ್ನೇ ಬಳಸಬಹುದು. ಗಿಲಾವು ಮಾಡದ ಹೊರಗೋಡೆಗೆ ಎರಡಡಿ ಸಜ್ಜ ಬೇಕು. ಬಾಡಿಗೆದಾರರು ಮೊಳೆ ಹೊಡೆಯದೆ ಬಿಡುವುದಿಲ್ಲ. ಏಳಡಿ ಎತ್ತರದಲ್ಲಿ ಸುತ್ತಲೂ ಒಂದು ಮರದ ಪಟ್ಟಿ ಕೂರಿಸಿಬಿಡಿ, ದೇವರ ಪಟದಿಂದ ಕ್ಯಾಲೆಂಡರಿನವರೆಗೆ ಎಲ್ಲವೂ ಅದಕ್ಕೆ ನೇತುಬೀಳುತ್ತದೆ. ಹಸಿ ಕಸಕ್ಕೆ ಹಿಂದುಗಡೆ ಎರಡು ಡ್ರಮ್ಮು, ಒಂದು ತುಂಬುವಾಗ ಇನ್ನೊಂದು ಕಳಿಯಲಿ. ಒಣ ಎಲೆ ಧಾರಾಳವಾಗಿ ಹಾಕಿದರೆ ನಾತ ಬರುವುದಿಲ್ಲ.

ಮೊದಲ ಬಾಡಿಗೆದಾರರು ಬರುವ ಮುಂಚೆ ಒಂದು ರಾತ್ರಿ ಏಳೂ ಮನೆಗಳ ನಲ್ಲಿಗಳನ್ನು ಮುಚ್ಚಿ, ವಾಲ್ವ್‌ಗಳನ್ನು ತೆರೆದಿಟ್ಟು, ಮೀಟರ್‌ಗಳನ್ನು ಬರೆದುಕೊಳ್ಳಿ. ಬೆಳಿಗ್ಗೆ ಮತ್ತೆ ಓದಿ. ಒಂದು ಅಂಕಿ ಕದಲಿದ್ದರೂ ಪ್ಲಂಬರಿಗೆ ಕೊನೆಯ ಕಂತು ಕೊಡಬೇಡಿ.