ಸ್ಟೆಂಟ್ ಹಾಕಿದವರ ಮಾತ್ರೆಗೆ ಜೀನ್ ಟೆಸ್ಟ್: ಯಾವಾಗ, ಹೇಗೆ ಮಾಡಿಸಬೇಕು

ಮೊದಲೇ ಹೇಳಿಬಿಡುತ್ತೇನೆ, ಯಾವ ಔಷಧಿ ನಿಮಗೆ ಹೊಂದುತ್ತದೆ ಅಂತ ಜೀನ್ ನೋಡಿ ಹೇಳುತ್ತೇವೆ, ‘ಒಂದೇ ಟೆಸ್ಟ್, ನೂರು ಔಷಧಿ’ ಅಂತ ಬರುವ ಪ್ಯಾಕೇಜ್ ನೋಡಿ ಸುಮ್ನೆ ದುಡ್ಡು ಕಟ್ಟಬೇಡಿ. ಚೀಟಿಯಲ್ಲಿ ಯಾವ ಮಾತ್ರೆ ಇದೆ ಅಂತ ನೋಡಿ, ಆಮೇಲೆ ಟೆಸ್ಟ್ ಯೋಚನೆ ಮಾಡಿ.

ಕ್ಲೋಪಿಡೋಗ್ರೆಲ್ ತಗೊಳ್ಳಿ. ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದವರಿಗೆ ಅದರೊಳಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಆಸ್ಪಿರಿನ್ ಜೊತೆ ಕೊಡುತ್ತಾರಲ್ವಾ, ಅದೇ. ನುಂಗಿದಾಗ ಅದಿನ್ನೂ ಔಷಧಿ ಆಗಿರುವುದಿಲ್ಲ. ಲಿವರ್‌ನಲ್ಲಿ ಸಿವೈಪಿ2ಸಿ19 ಅನ್ನೋ ಕಿಣ್ವ ಅದನ್ನು ಬದಲಾಯಿಸಿದ ಮೇಲೆಯೇ ಕೆಲಸ ಶುರು. ಈ ಕಿಣ್ವದ ಜೀನಿನ ಪ್ರತಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಎರಡೂ ಕೆಟ್ಟಿದ್ದರೆ ದಿನಾ ತಪ್ಪದೆ ನುಂಗಿದರೂ ಪೂರ್ತಿ ಫಲ ಸಿಗುವುದಿಲ್ಲ. ಅಮೆರಿಕದಲ್ಲಿ ಔಷಧಿಗಳ ಮೇಲೆ ನಿಗಾ ಇಡುವ ಎಫ್‌ಡಿಎ 2010ರಲ್ಲೇ ಈ ಬಗ್ಗೆ ಮಾತ್ರೆಯ ಮಾಹಿತಿ ಚೀಟಿಯಲ್ಲಿ ಕಪ್ಪು ಚೌಕಟ್ಟಿನ (ಅಂದರೆ ಅತಿ ಗಂಭೀರ) ಎಚ್ಚರಿಕೆ ಹಾಕಿಸಿತು. ಈ ಕೆಟ್ಟ ಪ್ರತಿ ಯೂರೋಪಿನವರಿಗಿಂತ ನಮ್ಮವರಲ್ಲೇ ಜಾಸ್ತಿ.

ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: “ಸರ್, ಸಿವೈಪಿ2ಸಿ19 ಟೆಸ್ಟ್ ಮಾಡಿಸಿದರೆ ರಿಪೋರ್ಟ್ ನೋಡಿ ಮಾತ್ರೆ ಬದಲಾಯಿಸುತ್ತೀರಾ?” ಇಲ್ಲ ಅಂದರೆ ಯಾಕೆ ಅಂತ ಕೇಳಿ, ಕಾರಣ ಸರಿ ಅನಿಸಿದರೆ ದುಡ್ಡು ಉಳಿಸಿ. ಆಂಜಿಯೋಪ್ಲಾಸ್ಟಿಗೆ ದಿನ ಗೊತ್ತಾಗಿದ್ದರೆ ಮುಂಚೆಯೇ ಮಾಡಿಸುವುದು ಒಳ್ಳೆಯದು. ಹಾರ್ಟ್ ಅಟ್ಯಾಕ್ ಆಗಿ ಒಳಗೆ ಕರೆದುಕೊಂಡು ಹೋಗಿದ್ದಾರೆ ಅಂದರೆ ರಿಪೋರ್ಟಿಗೆ ಕಾಯುವ ಮಾತೇ ಇಲ್ಲ.

ರಕ್ತ ಅಥವಾ ಕೆನ್ನೆಯ ಒಳಗಿನ ಸ್ವಾಬ್ ಸಾಕು. ಖಾಲಿ ಹೊಟ್ಟೆ ಬೇಡ. ಈ ಜೀನಿನ ರೂಪಗಳಿಗೆ ‘ಸ್ಟಾರ್’ ನಂಬರ್ ಇರುತ್ತದೆ: 1 ಸರಿಯಿರುವುದು, 2 ಮತ್ತು 3 ಕೆಟ್ಟವು, 17 ಕಿಣ್ವವನ್ನು ಹೆಚ್ಚು ಚುರುಕು ಮಾಡುವುದು. ಸ್ಟಾರ್ 2, ಸ್ಟಾರ್ 3, ಸ್ಟಾರ್ 17 ಮೂರನ್ನೂ ನೋಡುತ್ತಾರಾ ಅಂತ ಲ್ಯಾಬಿನಲ್ಲಿ ವಿಚಾರಿಸಿ. ಲಿವರ್ ಅಥವಾ ಅಸ್ಥಿಮಜ್ಜೆ ಕಸಿ ಆಗಿದ್ದರೆ ಹೇಳಲೇಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ರಿಪೋರ್ಟಿನಲ್ಲಿ 1/1 ಅಂದರೆ ಎರಡೂ ಸರಿ. 1/2 ಅಂದರೆ ಒಂದು ಕೆಟ್ಟಿದೆ, 2/2 ಅಂದರೆ ಎರಡೂ. ಕೆಟ್ಟಿದ್ದರೆ ಕ್ಲೋಪಿಡೋಗ್ರೆಲ್ ಬದಲು ಪ್ರಸುಗ್ರೆಲ್ ಅಥವಾ ಟಿಕಾಗ್ರೆಲೋರ್ ಕೊಡಬಹುದು, ಆದರೆ ಅವುಗಳಲ್ಲಿ ರಕ್ತ ಸೋರುವ ಭಯ ಸ್ವಲ್ಪ ಹೆಚ್ಚು. ಹಿಂದೆ ಸ್ಟ್ರೋಕ್ ಆದವರಿಗೆ ಪ್ರಸುಗ್ರೆಲ್ ಆಗದು, ಟಿಕಾಗ್ರೆಲೋರ್ ದಿನಕ್ಕೆ ಎರಡು ಸಲ, ಕೆಲವರಿಗೆ ಅದರಿಂದ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಆಯ್ಕೆ ಡಾಕ್ಟರದ್ದು. ರಿಪೋರ್ಟ್ ನೋಡಿ ಗಾಬರಿಯಾಗಿ ನೀವೇ ಮಾತ್ರೆ ನಿಲ್ಲಿಸಿದಿರೋ, ಸ್ಟೆಂಟ್ ಮುಚ್ಚಿಕೊಂಡು ಪ್ರಾಣಕ್ಕೇ ಬರಬಹುದು.

ಇನ್ನೊಂದು, ಜೀನ್ ಚೆನ್ನಾಗಿದ್ದರೂ ಅಸಿಡಿಟಿಗೆ ತಗೊಳ್ಳುವ ಒಮೆಪ್ರಜೋಲ್, ಎಸೊಮೆಪ್ರಜೋಲ್ ಇದೇ ಕಿಣ್ವಕ್ಕೆ ಅಡ್ಡ ಬರುತ್ತವೆ. ಪ್ಯಾಂಟೊಪ್ರಜೋಲ್‌ನಿಂದ ಈ ತೊಂದರೆ ಕಡಿಮೆ. ಮೆಡಿಕಲ್ ಶಾಪಿನಲ್ಲಿ “ಗ್ಯಾಸ್ ಮಾತ್ರೆ ಕೊಡಿ” ಅಂತ ಕೈಚಾಚುವ ಮುಂಚೆ ಇದು ನೆನಪಿರಲಿ.

ಬೇರೆ ಔಷಧಿಗೆ ಬೇರೆ ಜೀನ್. ಫಿಟ್ಸ್‌ಗೆ ಕಾರ್ಬಮಜೆಪೈನ್ ಶುರು ಮಾಡುವ ಮುಂಚೆ ಎಚ್‌ಎಲ್‌ಎ-ಬಿ 15:02 ಅನ್ನೋ ಜೀನ್ ರೂಪದ ಬಗ್ಗೆ ಕೇಳಿ, ಅದಿದ್ದವರಿಗೆ ಚರ್ಮ ಸುಲಿದು ಹೋಗುವಂಥ ಅಲರ್ಜಿ ಆಗಬಹುದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಅಜಥಯೋಪ್ರಿನ್ ಆದರೆ ಟಿಪಿಎಂಟಿ ಜೀನ್ ಒಂದೇ ಸಾಲದು, ನಮ್ಮವರಿಗೆ ಎನ್‌ಯುಡಿಟಿ15 ಕೂಡ ನೋಡಬೇಕು.

ಈ ಟೆಸ್ಟ್ ಜೀವನದಲ್ಲಿ ಒಂದೇ ಸಲ ಸಾಕು. ನಾವು ಅಪ್ಪನ ರಿಪೋರ್ಟನ್ನು ಬೀರುವಿನಲ್ಲಿಟ್ಟು ಮರೆತು, ಮುಂದಿನ ಸಲ ಬೇರೆ ಡಾಕ್ಟರ್ ಮುಂದೆ ಕೂತು ಪರದಾಡಿದೆವು. ನೀವು ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. 2/2 ಬಂದಿದ್ದರೆ ಅಣ್ಣತಮ್ಮ, ಅಕ್ಕತಂಗಿಯರಿಗೂ ಕಳಿಸಿ, ಅವರಲ್ಲೂ ಅದೇ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಂತೂ ಕಡಿಮೆಯಿಲ್ಲ.