ಬಿಡುವಿನ ಹೊತ್ತು ಮಕ್ಕಳದೇ: ನನ್ನ ಅನುಭವ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಮಕ್ಕಳು ನನ್ನನ್ನು ‘ಅಕ್ಕೋರೇ’ ಎಂದು ಕರೆಯುತ್ತಾರೆ. ಸೇವೆಗೆ ಸೇರಿದ ಮೊದಲ ಕೆಲವು ವರ್ಷ ನಾನೊಂದು ತಪ್ಪನ್ನು ನಿತ್ಯವೂ ಮಾಡಿದೆ. ಲೆಕ್ಕ ಮುಗಿಸದವರನ್ನು, ಮಗ್ಗಿ ತಪ್ಪಿದವರನ್ನು ಬಿಡುವಿನ ಹೊತ್ತಿನಲ್ಲಿ ಒಳಗೇ ಕೂರಿಸುತ್ತಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಾನು ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ; ಹತ್ತು ನಿಮಿಷ ಕೂರಿಸಿದರೆ ಏನಾದೀತು ಎಂದುಕೊಂಡಿದ್ದೆ.

ಒಂದು ತಿಂಗಳು, ಯಾರನ್ನು ಎಷ್ಟು ಸಲ ಕೂರಿಸುತ್ತೇನೆ ಎಂದು ನೋಡಲು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಟು ಹಾಕುತ್ತ ಬಂದೆ. ತಿಂಗಳ ಕೊನೆಗೆ ಹೆಚ್ಚುಕಡಿಮೆ ಎಲ್ಲ ಗೀಟುಗಳೂ ಐದೇ ಹೆಸರುಗಳ ಮುಂದೆ ನಿಂತಿದ್ದವು. ಐವರಲ್ಲಿ ನಾಲ್ವರು ಕಬ್ಬು ಕಡಿಯಲು ಹೋಗುವವರ ಮಕ್ಕಳು.

ನಮ್ಮ ಕಡೆಯ ತಾಂಡಾಗಳಿಂದ, ಊರ ಕೇರಿಗಳಿಂದ ದಸರೆ ಮುಗಿಯುತ್ತಲೇ ಕುಟುಂಬಗಳು ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಕಡೆಗೆ ಹೊರಡುತ್ತವೆ. ಅಜ್ಜಿಯ ಬಳಿ ಬಿಟ್ಟುಹೋದ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ. ಜೊತೆಗೆ ಹೋದವರು ನಾಲ್ಕೈದು ತಿಂಗಳು ಗದ್ದೆಯ ಬದಿಯ ಗುಡಿಸಲಿನಲ್ಲಿ ತಮ್ಮ ತಂಗಿಯರನ್ನು ಆಡಿಸುತ್ತಾ ಕಳೆಯುತ್ತಾರೆ. ತಿರುಗಿ ಬಂದ ಮಗುವಿಗೆ ಪಾಠ ತಪ್ಪಿರುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಗೆಳೆತನವೂ ತಪ್ಪಿರುತ್ತದೆ ಎಂಬುದು ನನಗೆ ಕಂಡಿರಲಿಲ್ಲ. ಗೆಳೆಯರನ್ನು ಮತ್ತೆ ಹುಡುಕಿಕೊಳ್ಳಬಹುದಾದ ಒಂದೇ ಹೊತ್ತನ್ನು ನಾನೇ ಕಸಿಯುತ್ತಿದ್ದೆ.

ಆ ವರ್ಷದ ಫೆಬ್ರವರಿ ಕೊನೆಗೆ ತಾಂಡಾದ ಒಬ್ಬ ಹುಡುಗ ಐದನೆಯ ತರಗತಿಗೆ ಮರಳಿದ್ದ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಕಬ್ಬಿನ ಗದ್ದೆಯಲ್ಲಿ ಮರಾಠಿ. ಮೂರೂ ಬಾಯಲ್ಲಿ ಸಿಕ್ಕಿಕೊಂಡು ತರಗತಿಯಲ್ಲಿ ಮಾತೇ ಆಡುತ್ತಿರಲಿಲ್ಲ. ಗೀಟು ಲೆಕ್ಕ ನೋಡಿದ ಮೇಲೆ ಕೂರಿಸುವುದನ್ನು ನಿಲ್ಲಿಸಿ ಅವನನ್ನೂ ಹೊರಗೆ ಬಿಟ್ಟೆ. ಮೂರು ದಿನ ಬೇವಿನ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಹೋಗಿ ಕೈ ಹಿಡಿದು ಆಟಕ್ಕೆ ಸೇರಿಸಬೇಕೆಂದು ಕಾಲು ಎಳೆಯುತ್ತಿತ್ತು; ಹೋಗಲಿಲ್ಲ. ನಾಲ್ಕನೆಯ ದಿನ ಚಿಣಿಫಣಿ (ಚಿನ್ನಿದಾಂಡು) ಆಡುವವರ ಗುಂಪಿನಲ್ಲಿ ಒಬ್ಬ ಕಡಿಮೆ ಬಿದ್ದ. ಇವನನ್ನು ಕರೆದರು. ಇವನು ಹೊಡೆದ ಚಿಣಿ ಕಂಪೌಂಡಿನ ಹತ್ತಿರ ಹೋಗಿ ಬಿತ್ತು. ದಾಂಡಿನಿಂದ ಅಳೆಯುತ್ತಾ ಎಣಿಸತೊಡಗಿದ: ‘ವಕಟ, ಲೇಂಡ, ಮೂಂಡ, ನಾಲ...’ ಗದ್ದೆಯ ಬದಿಯಲ್ಲಿ ಕಲಿತ ವಿಟಿದಾಂಡುವಿನ, ಅಂದರೆ ಮರಾಠಿಯವರ ಚಿಣಿಫಣಿಯ, ಎಣಿಕೆ. ಹುಡುಗರು ಹೊಟ್ಟೆ ಹಿಡಿದು ನಕ್ಕರು. ಅವನ ಮುಖ ಕೆಂಪೇರಿತು, ದಾಂಡು ಕೆಳಗೆ ಹಾಕಿದ. ಆಗ ಒಬ್ಬ ಪುಟ್ಟ ಹುಡುಗಿ, ಆಟದಲ್ಲೇ ಇಲ್ಲದವಳು, ಕಟ್ಟೆಯ ಮೇಲಿನಿಂದ ಕೂಗಿದಳು: ‘ಏ, ಮೂಂಡ ಅಂದರೆ ಮೂರು, ನಾಲ ಅಂದರೆ ನಾಲ್ಕು, ನಮ್ಮದೇ ಇದೆ!’ ನಗು ನಿಂತಿತು. ‘ಮುಂದೇನು, ಹೇಳು’ ಎಂದು ಕೇಳಿದರು. ವಾರ ಕಳೆಯುವಷ್ಟರಲ್ಲಿ ಇಡೀ ಮೈದಾನ ಅವನ ಎಣಿಕೆಯಲ್ಲಿ ಎಣಿಸುತ್ತಿತ್ತು. ತರಗತಿಯಲ್ಲಿ ಅವನು ಬಾಯಿ ಬಿಟ್ಟದ್ದು ಅದಾದ ಮೇಲೆ.

ನಾನು ನಡುವೆ ಹೋಗಿದ್ದರೆ ‘ನಗಬೇಡಿ’ ಎನ್ನುತ್ತಿದ್ದೆ. ನಗು ನಿಲ್ಲುತ್ತಿತ್ತು, ಎಣಿಕೆಯೂ ನಿಲ್ಲುತ್ತಿತ್ತು.

ಆಟದ ಪೀರಿಯಡ್ ಇದೆಯಲ್ಲ, ಬಿಡುವು ಯಾಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಎರಡೂ ಒಂದಲ್ಲ. ಆಟದ ಪೀರಿಯಡಿನಲ್ಲಿ ಸೀಟಿ ದೈಹಿಕ ಶಿಕ್ಷಕರ ಬಾಯಲ್ಲಿರುತ್ತದೆ. ತಂಡ ಮಾಡುವವರು, ಔಟ್ ಹೇಳುವವರು ಅವರೇ. ಬಿಡುವಿನಲ್ಲಿ ಸೀಟಿಯೇ ಇಲ್ಲ. ಯಾರನ್ನು ಸೇರಿಸಿಕೊಳ್ಳಬೇಕು, ಸೋತವನು ಹಟ ಹಿಡಿದರೆ ಏನು ಮಾಡಬೇಕು, ಟೂ ಬಿಟ್ಟವಳ ಹತ್ತಿರ ಮತ್ತೆ ಹೇಗೆ ಹೋಗಬೇಕು, ಎಲ್ಲವನ್ನೂ ಮಕ್ಕಳೇ ಬಗೆಹರಿಸಿಕೊಳ್ಳಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆಯಾದ ‘ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್’ 2013ರಲ್ಲಿ ಇದನ್ನೇ ಹೇಳಿತು: ದೈಹಿಕ ಶಿಕ್ಷಣ ಬಿಡುವಿನ ಬದಲಿಯಲ್ಲ, ಶಿಕ್ಷೆಯ ಹೆಸರಿನಲ್ಲಾಗಲಿ ಪಾಠದ ಹೆಸರಿನಲ್ಲಾಗಲಿ ಬಿಡುವನ್ನು ಕಿತ್ತುಕೊಳ್ಳಬಾರದು. ಅದನ್ನು ಓದಿದ ದಿನ ನನ್ನ ಗೀಟಿನ ಹಾಳೆ ನೆನಪಾಗಿ ಸಂಕಟವಾಯಿತು.

ಹಾಗೆಂದು ಮಕ್ಕಳನ್ನು ಬಿಟ್ಟು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಕೂರುವುದೂ ಸರಿಯಲ್ಲ. ಮೈದಾನವೆಲ್ಲ ಕಾಣುವಂತೆ ವರಾಂಡದ ತುದಿಯಲ್ಲಿ ನಿಲ್ಲುತ್ತೇನೆ. ಚಿಣಿಯಿಂದ ಕಣ್ಣಿಗೆ ಪೆಟ್ಟಾದೀತೆಂಬ ಭಯ ಸುಳ್ಳಲ್ಲ. ತುದಿ ಮೊಂಡಾಗಿರುವ ಚಿಣಿ ಮಾತ್ರ, ಆಟ ಕಂಪೌಂಡಿನ ಬದಿಗೆ ಮಾತ್ರ, ನೋಡುವವರು ಸುಣ್ಣದ ಗೆರೆಯ ಹಿಂದೆ: ಈ ಮೂರು ನನ್ನ ಕಟ್ಟಳೆ, ಉಳಿದದ್ದು ಅವರದು. ಜಗಳ ಹೊತ್ತು ತಂದರೆ ‘ನೀವಿಬ್ಬರೂ ಮಾತಾಡಿಕೊಂಡು ಬನ್ನಿ’ ಎಂದು ಕಳಿಸುತ್ತೇನೆ. ಬಹಳಷ್ಟು ಜೋಡಿಗಳು ತಿರುಗಿ ಬರುವುದೇ ಇಲ್ಲ. ಆದರೆ ಒಬ್ಬನನ್ನೇ ದಿನವೂ ಗುರಿ ಮಾಡುತ್ತಿದ್ದರೆ ಅದು ಜಗಳವಲ್ಲ, ಕಾಟ. ಅಲ್ಲಿ ತಡಮಾಡದೆ ನಾನೇ ಹೋಗುತ್ತೇನೆ. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣು ಕಾಲನ್ನೇ ಬಿಡುವುದಿಲ್ಲ. ಅದಕ್ಕಾಗಿ ವರಾಂಡದ ಫರಸಿಯ ಮೇಲೆ ಹುಲಿ-ಕುರಿ ಆಟದ ಮನೆಗಳನ್ನು ಎಣ್ಣೆಬಣ್ಣದಲ್ಲಿ ಬರೆಸಿದ್ದೇನೆ.

ಹುಡುಗಿಯರ ಬಿಡುವು ಎಲ್ಲಿ ಹೋಗುತ್ತದೆ ಎಂಬುದು ನನ್ನ ಗಮನಕ್ಕೆ ಬಂದದ್ದು ಇನ್ನೂ ತಡವಾಗಿ. ಬಿಸಿಯೂಟ ಮುಗಿದ ಮೇಲೆ ಹುಡುಗರು ನಳದ ಹತ್ತಿರ ತಟ್ಟೆ ತೊಳೆದು ಓಡುತ್ತಿದ್ದರು. ಆರನೆಯ, ಏಳನೆಯ ತರಗತಿಯ ಹುಡುಗಿಯರು ತಮ್ಮಂದಿರ ತಟ್ಟೆಯನ್ನೂ ತೊಳೆದು, ಕೋಣೆ ಗುಡಿಸಿ, ನಮಗೆ ನೀರು ತಂದಿಡುತ್ತಿದ್ದರು. ತಂದಿಟ್ಟ ನೀರನ್ನು ನಾನೂ ಕುಡಿದಿದ್ದೇನೆ. ಈಗ ಗುಡಿಸುವುದು ಬೆಳಿಗ್ಗೆ, ಹುಡುಗ ಹುಡುಗಿ ಎನ್ನದೆ ಪಾಳಿಯ ಪ್ರಕಾರ. ನೀರು ನಾವೇ ತಂದುಕೊಳ್ಳುತ್ತೇವೆ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು, ‘ಆಡಲು ನಮ್ಮ ಹೊಲವೇ ಇದೆ ಟೀಚರ್, ಶಾಲೆಗೆ ಕಳಿಸುವುದು ಓದಲಿ ಎಂದು’ ಎಂದರು. ಶಾಲೆಗೆ ಆಟದ ಮೈದಾನ ಇರಲೇಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ ಎಂದೆ. 1992ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ವಿಶ್ರಾಂತಿ ಮತ್ತು ಆಟವನ್ನು ಮಗುವಿನ ಹಕ್ಕೆಂದು ಕರೆದಿದೆ ಎಂದೂ ಹೇಳಿದೆ. ಅವರ ಮುಖ ಬದಲಾಗಲಿಲ್ಲ. ‘ನಾಳೆ ಊಟದ ಬಿಡುವಿಗೆ ಬನ್ನಿ, ನನ್ನ ಜೊತೆ ನಿಂತು ನೋಡಿ’ ಎಂದು ಕರೆದೆ.

ಬಂದರು. ಅರ್ಧ ಗಂಟೆ ಮಾತಿಲ್ಲದೆ ನಿಂತಿದ್ದರು. ಅವರ ಮಗ ಆ ದಿನ ಎರಡು ಸಲ ಔಟಾದ, ಒಮ್ಮೆ ಅತ್ತ, ಅತ್ತವನನ್ನು ಬೇರೆ ಹುಡುಗರೇ ಎಳೆದುಕೊಂಡು ಹೋದರು. ಅವರು ನನ್ನ ಮಾತು ಒಪ್ಪಿದರೆಂದು ಹೇಳಲಾರೆ. ಹೋಗುವಾಗಲೂ ಏನೂ ಹೇಳಲಿಲ್ಲ. ಮರುವಾರ ಮಗನ ಕೈಯಲ್ಲಿ ಜಾಲಿ ಕಟ್ಟಿಗೆಯಿಂದ ಕೆತ್ತಿದ ಎರಡು ದಾಂಡು ಕಳಿಸಿಕೊಟ್ಟರು, ಹಿಡಿಯ ಕಡೆ ಸಿಬರು ಏಳದಂತೆ ಉಜ್ಜಿ ನುಣುಪು ಮಾಡಿದ್ದರು. ಅವುಗಳಲ್ಲಿ ಉದ್ದನೆಯದು ಈಗ ಆರನೆಯ ತರಗತಿಯ ಹುಡುಗಿಯರ ಬಳಿ ಇದೆ.