ಹೆಬ್ಬೆರಳಿನ ಬಲ ಅಳೆಯಲು ಕಲಿತ ಬಗೆ: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಾನು ಫಿಸಿಯೊಥೆರಪಿ ವೃತ್ತಿ ಆರಂಭಿಸಿದ ಮೊದಲ ವರ್ಷಗಳಲ್ಲಿ ಕೈನೋವೆಂದು ಬರುತ್ತಿದ್ದವರು ಹೆಚ್ಚಾಗಿ ತೋಟದ ಕೆಲಸದವರು, ಅಡಿಕೆ ಸುಲಿಯುವವರು, ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು ಪ್ಲಾಸ್ಟರ್ ಬಿಚ್ಚಿಸಿಕೊಂಡ ವಯಸ್ಸಾದವರು. ಕೆಲವು ವರ್ಷಗಳಿಂದೀಚೆಗೆ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರೂ ಅವರ ಪಕ್ಕದಲ್ಲೇ ಬೆಂಚಿನ ಮೇಲೆ ಕೂರತೊಡಗಿದರು. ಅವರ ದೂರು ಬಹುಮಟ್ಟಿಗೆ ಒಂದೇ ಬಗೆಯದು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಅಂಚಿನವರೆಗೆ ನೋವು, ಬಾಟಲಿಯ ಮುಚ್ಚಳ ತಿರುಗಿಸಲು ಆಗುವುದಿಲ್ಲ, ಒದ್ದೆ ಬಟ್ಟೆ ಹಿಂಡಲು ಆಗುವುದಿಲ್ಲ, ಪರೀಕ್ಷೆಯಲ್ಲಿ ಪೆನ್ನು ಹಿಡಿದರೆ ಅರ್ಧ ಗಂಟೆಗೇ ಕೈ ಸೋಲುತ್ತದೆ. ಜೊತೆಗೆ ಬಂದ ತಂದೆ ತಾಯಿಯರ ಪ್ರಶ್ನೆಯೂ ಒಂದೇ: ಮೊಬೈಲ್ ಹಿಡಿದೂ ಹಿಡಿದೂ ಮಕ್ಕಳ ಕೈಯಲ್ಲಿ ಶಕ್ತಿಯೇ ಇಲ್ಲದಂತಾಯಿತೇ? ಈ ಪ್ರಶ್ನೆಗೆ ಅಂದಾಜಿನ ಮಾತಿನಲ್ಲಿ ಉತ್ತರ ಹೇಳುವುದು ನನಗೆ ಸರಿ ಕಾಣಲಿಲ್ಲ. ಅಳೆದು ನೋಡಿಯೇ ಹೇಳಬೇಕೆಂದು, ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಹಿಡಿತದ ಬಲ ತೋರಿಸುವ ಒಂದು ಹ್ಯಾಂಡ್ ಡೈನಮೋಮೀಟರ್ ಕೊಂಡೆ.

ಅಳತೆ ಆರಂಭಿಸಿದ ಮೊದಲ ಕೆಲವು ತಿಂಗಳು ನಾನು ತಪ್ಪಾಗಿ ಅಳೆದೆ. ಆ ತಪ್ಪನ್ನು ಇಲ್ಲಿ ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಈಗ ಹಲವು ಕಡೆ ಕಾಲೇಜುಗಳಲ್ಲಿಯೂ ಜಿಮ್‌ಗಳಲ್ಲಿಯೂ ಇದೇ ಉಪಕರಣವನ್ನು ಯಾರ ಕೈಗೆ ಬೇಕಾದರೂ ಕೊಟ್ಟು ಒತ್ತಿಸಿ, ಬಂದ ಅಂಕಿಯನ್ನು ನಂಬಲಾಗುತ್ತಿದೆ. ಜಮಾರ್ ಮಾದರಿಯ ಡೈನಮೋಮೀಟರಿನ ಹಿಡಿಗೆ ಐದು ಸ್ಥಾನಗಳಿರುತ್ತವೆ. ಹಿಡಿ ಹೊರಕ್ಕೆ ಸರಿದಷ್ಟೂ ಬೆರಳುಗಳು ಅಗಲವಾಗಿ ಚಾಚಬೇಕಾಗುತ್ತದೆ, ಚಾಚಿದ ಬೆರಳಿಗೆ ಒತ್ತುವ ಬಲ ಕಡಿಮೆ. ನನ್ನ ಉಪಕರಣದ ಹಿಡಿ ನಾಲ್ಕನೆಯ ಸ್ಥಾನದಲ್ಲಿತ್ತು. ನಾನು ಅದನ್ನು ಬದಲಿಸದೆ, ಸಣ್ಣ ಕೈಯ ಹುಡುಗಿಯರಿಗೂ ಅದನ್ನೇ ಕೊಟ್ಟೆ. ಕೆಲವರು ನಿಂತು ಒತ್ತಿದರು, ಕೆಲವರು ಮೊಣಕೈಯನ್ನು ಮೇಜಿಗೆ ಊರಿ ಒತ್ತಿದರು, ಒಬ್ಬೊಬ್ಬರಿಗೆ ಒಂದೇ ಸಲ ಅವಕಾಶ ಕೊಟ್ಟೆ. ಬಂದ ಅಂಕಿಗಳು ತೀರಾ ಕಡಿಮೆಯಿದ್ದವು. ಇಬ್ಬರು ಮೂವರು ತಾಯಂದಿರಿಗೆ ಅವರ ಮಗಳ ಕೈಬಲ ವಯಸ್ಸಿಗೆ ತಕ್ಕಷ್ಟಿಲ್ಲ ಎಂದು ಹೇಳಿಯೂಬಿಟ್ಟೆ.

ಕ್ರಮಬದ್ಧವಾದ ಪದ್ಧತಿಯನ್ನು ಅಮೆರಿಕದ ಹ್ಯಾಂಡ್ ಥೆರಪಿಸ್ಟರ ಸಂಘ ಎಷ್ಟೋ ಹಿಂದೆಯೇ ಗೊತ್ತು ಮಾಡಿದೆ. ಕುರ್ಚಿಯಲ್ಲಿ ಪಾದ ನೆಲಕ್ಕೆ ತಾಗುವಂತೆ ಕೂರಬೇಕು, ತೋಳು ಮೈಗೆ ಹತ್ತಿ ಇರಬೇಕು, ಮೊಣಕೈ 90 ಡಿಗ್ರಿ ಬಾಗಿರಬೇಕು, ಮುಂಗೈ ಅತ್ತಿತ್ತ ತಿರುಗದೆ ನೇರವಾಗಿರಬೇಕು, ಹಿಡಿ ಎರಡನೆಯ ಸ್ಥಾನದಲ್ಲಿರಬೇಕು. ನಡುವೆ ವಿಶ್ರಾಂತಿ ಕೊಟ್ಟು ಮೂರು ಸಲ ಒತ್ತಿಸಿ ಸರಾಸರಿ ತೆಗೆಯಬೇಕು. ಹೀಗೆ ಅಳೆದಾಗ ನಾನು ಬಲವಿಲ್ಲವೆಂದಿದ್ದ ಹುಡುಗಿಯರ ಹಿಡಿತ ಸಾಧಾರಣವಾಗಿಯೇ ಇತ್ತು. ಆ ಮನೆಗಳಿಗೆ ಫೋನ್ ಮಾಡಿ, ಅವರನ್ನು ಮತ್ತೆ ಕರೆಸಿ ಅಳೆದು, ಮೊದಲು ಹೇಳಿದ್ದು ತಪ್ಪೆಂದು ತಿಳಿಸಿದೆ. ಮಗಳ ಕೈಯಿಂದ ಫೋನ್ ಕಿತ್ತಿಟ್ಟಿದ್ದ ತಾಯಿಯೊಬ್ಬರಿಗೆ ಅದನ್ನು ಹೇಳುವುದು ಸುಲಭವಾಗಿರಲಿಲ್ಲ.

ಪೋಷಕರ ಭಯಕ್ಕೆ ಇನ್ನೊಂದು ಮೂಲವೂ ಇದೆ. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1.4 ಲಕ್ಷ ಜನರ ಅಧ್ಯಯನವೊಂದು ಪ್ರಕಟವಾಯಿತು. ಹಿಡಿತದ ಬಲ 5 ಕೆ.ಜಿ. ಕಡಿಮೆಯಿದ್ದಲ್ಲಿ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚಿತ್ತು ಎಂಬ ಅದರ ಒಂದು ಸಾಲು ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತದೆ. ಆದರೆ ಆ ಅಧ್ಯಯನದಲ್ಲಿದ್ದವರು 35ರಿಂದ 70 ವರ್ಷದವರು. ಹಿಡಿತದ ಬಲ ಅಲ್ಲಿ ಇಡೀ ದೇಹದ ಆರೋಗ್ಯದ ಸೂಚಕವೇ ಹೊರತು, ಕೈ ಸೋತಿತೆಂದು ಆಯುಸ್ಸು ಕುಗ್ಗುತ್ತದೆ ಎಂದು ಅದರ ಅರ್ಥವಲ್ಲ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹೇಳಿದ, ಗಂಡಸರಿಗೆ 28 ಕೆ.ಜಿ., ಹೆಂಗಸರಿಗೆ 18 ಕೆ.ಜಿ. ಎಂಬ ಗಡಿಗಳು ಕೂಡ ವಯಸ್ಸಾದಂತೆ ಸ್ನಾಯು ಕರಗುವುದನ್ನು ಗುರುತಿಸಲು ಮಾಡಿದವು. ಇಪ್ಪತ್ತರ ಹರೆಯದವರನ್ನು ಆ ಗಡಿಗಳಿಂದ ಅಳೆದು ಹೆದರಿಸುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಹಿಡಿತ ಸರಿಯಿದ್ದೂ ಮುಚ್ಚಳ ತಿರುಗಿಸಲು ಏಕೆ ಆಗುವುದಿಲ್ಲ? ಫೋನ್ ಹಿಡಿಯುವ ರೀತಿಯನ್ನು ಎದುರಿಗೆ ಕೂತು ನೋಡಿದ ಮೇಲೆ ನನಗೆ ಉತ್ತರ ಹೊಳೆಯಿತು. ಒಂದೇ ಕೈಯಲ್ಲಿ ಹಿಡಿದವರು ಸುಮಾರು 200 ಗ್ರಾಂ ತೂಕದ ಫೋನನ್ನು ಕಿರುಬೆರಳಿನ ಮೇಲೆ ನಿಲ್ಲಿಸಿ, ಉಳಿದ ಬೆರಳುಗಳನ್ನು ಹಿಂಬದಿಗೆ ಆನಿಸಿ, ಹೆಬ್ಬೆರಳನ್ನು ಮಾತ್ರ ಪರದೆಯ ಮೂಲೆಯಿಂದ ಮೂಲೆಗೆ ಚಾಚುತ್ತಾರೆ. ಮುಷ್ಟಿ ಬಿಗಿಯುವ ದೊಡ್ಡ ಸ್ನಾಯುಗಳಿಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ದುಡಿಯುವುದು ಹೆಬ್ಬೆರಳನ್ನು ಹೊರಕ್ಕೆ ಎಳೆಯುವ ಮತ್ತು ನೆಟ್ಟಗೆ ಮಾಡುವ ಎರಡು ಸಣ್ಣ ಸ್ನಾಯುರಜ್ಜುಗಳು. ಇವೆರಡೂ ಮಣಿಕಟ್ಟಿನ ಅಂಚಿನಲ್ಲಿ ಒಂದೇ ಕಿರಿದಾದ ಕೊಳವೆಯೊಳಗೆ ಜಾರುತ್ತವೆ. ಆ ಕೊಳವೆಯ ಗೋಡೆ ದಪ್ಪವಾಗಿ ಜಾರುವಿಕೆ ಬಿಗಿಯಾದಾಗ ಬರುವ ನೋವನ್ನು ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ 1895ರಲ್ಲೇ ವರ್ಣಿಸಿದ್ದರು. ಅದು ಮೊಬೈಲಿನಿಂದ ಹುಟ್ಟಿದ ರೋಗವಲ್ಲ. ಮಗುವನ್ನು ಎತ್ತಿ ಇಳಿಸುವ ಬಾಣಂತಿಯರಲ್ಲಿ ನಾವು ಇದನ್ನು ಮೊದಲಿನಿಂದಲೂ ನೋಡುತ್ತಿದ್ದೇವೆ. ಮುಷ್ಟಿಯ ಬಲ ಅಳೆಯುತ್ತ ಕೂತರೆ ಇದು ಕೈಗೆ ಸಿಗುವುದಿಲ್ಲವೆಂದು ಅರಿತು ಪಿಂಚ್ ಗೇಜ್ ತರಿಸಿದೆ. ಬೀಗದ ಕೈ ಹಿಡಿಯುವ ಹಾಗೆ ಹೆಬ್ಬೆರಳನ್ನು ತೋರುಬೆರಳಿನ ಪಕ್ಕಕ್ಕೆ ಒತ್ತಿದಾಗ ಬರುವ ಬಲವನ್ನು ಅದು ತೋರಿಸುತ್ತದೆ.

ಕಾಫಿ ಕುಯ್ಲು ಆಗಷ್ಟೇ ಶುರುವಾಗಿದ್ದ ಒಂದು ನವೆಂಬರಿನಲ್ಲಿ ಆಲ್ದೂರಿನ ಕಡೆಯಿಂದ ತಾಯಿ ಮಗಳಿಬ್ಬರು ಬಂದರು. ಮಗಳಿಗೆ ಇಪ್ಪತ್ತು ವರ್ಷ, ಪದವಿ ಓದುತ್ತಿದ್ದಳು. ತಾಯಿ ತೋಟದಲ್ಲಿ ಕೆಲಸ ಮಾಡುವವರು. ನಾನು ಕೇಳುವ ಮೊದಲೇ ತಾಯಿ ಹೇಳಿದರು: "ನಾವು ಬೆಳಗಿಂದ ಸಂಜೆ ತನಕ ಹಣ್ಣು ಕುಯ್ತೀವಿ ಮೇಡಂ, ನಮ್ಗೇನೂ ಆಗಲ್ಲ. ಇವಳು ಮೊಬೈಲ್ ಒತ್ಕೊಂಡು ಕೂತಿರ್ತಾಳೆ, ಕೈ ನೋವು ಅಂತಾಳೆ." ಮಗಳು ತಲೆ ತಗ್ಗಿಸಿಕೊಂಡು ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕೂತಿದ್ದಳು. ಇಬ್ಬರ ಮುಷ್ಟಿಯ ಬಲವನ್ನೂ ಅಳೆದೆ. ಮಗಳದು ಬಲಗೈಯಲ್ಲಿ 25 ಕೆ.ಜಿ., ತಾಯಿಯದು 27. ಆ ವ್ಯತ್ಯಾಸಕ್ಕೆ ಹೆಚ್ಚಿನ ಅರ್ಥವಿರಲಿಲ್ಲ. ಆಮೇಲೆ ಮಗಳ ಕೈಗೆ ಪಿಂಚ್ ಗೇಜ್ ಕೊಟ್ಟೆ. ಎಡಗೈಯಲ್ಲಿ ಐದೂವರೆ ಕೆ.ಜಿ. ಒತ್ತಿದವಳು, ತಾನು ಬರೆಯುವ, ಉಣ್ಣುವ ಬಲಗೈಯಲ್ಲಿ ಮೂರೂವರೆಗೆ ಬರುವಷ್ಟರಲ್ಲಿ ಹುಬ್ಬು ಗಂಟಿಕ್ಕಿ ಕೈಬಿಟ್ಟಳು. ಸಾಮಾನ್ಯವಾಗಿ ಬಲಗೈ ಬಳಕೆಯವರಲ್ಲಿ ಬಲಗೈಯೇ ಒಂದಿಷ್ಟು ಮುಂದಿರುತ್ತದೆ.

ಇಲ್ಲಿ ನಿಲ್ಲಿಸಿ ಯೋಚಿಸಬೇಕಾದ ಒಂದು ಮಾತಿದೆ. ಗೇಜಿನ ಮುಳ್ಳು ಕೆಳಗೆ ನಿಂತಿತೆಂದರೆ ಸ್ನಾಯು ಸೊರಗಿದೆ ಎಂದೇನೂ ಅಲ್ಲ. ನೋವಿರುವಾಗ ನರವ್ಯವಸ್ಥೆಯೇ ಸ್ನಾಯುವನ್ನು ಪೂರ್ತಿ ಬಿಗಿಯಲು ಬಿಡುವುದಿಲ್ಲ. ಎರಡರ ಚಿಕಿತ್ಸೆಯೂ ಬೇರೆ ಬೇರೆ. ಅವಳ ಹೆಬ್ಬೆರಳಿನ ಬುಡದ ಮಾಂಸಲ ದಿಣ್ಣೆ ತುಂಬಿಕೊಂಡೇ ಇತ್ತು, ಎಲ್ಲಿಯೂ ಕುಸಿದಿರಲಿಲ್ಲ, ಬೆರಳುಗಳಲ್ಲಿ ಜೋಮು ಇರಲಿಲ್ಲ. ಹೆಬ್ಬೆರಳನ್ನು ಹಿಡಿದು ಕೈಯನ್ನು ಕಿರುಬೆರಳಿನ ಕಡೆಗೆ ಬಾಗಿಸಿದಾಗ ಮಣಿಕಟ್ಟಿನ ಅಂಚಿನಲ್ಲಿ ಚುಚ್ಚಿದಂತೆ ನೋವಾಯಿತು. ಇದು 1930ರಲ್ಲಿ ಫಿಂಕಲ್‌ಸ್ಟೈನ್ ವಿವರಿಸಿದ ಪರೀಕ್ಷೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು ಮಣಿಕಟ್ಟು ಬಾಗಿಸುವ ಪರೀಕ್ಷೆಯನ್ನೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ, ಆದರೆ ಅದು ಐಕ್‌ಹಾಫ್ ಎಂಬವರದು. ಆರೋಗ್ಯವಂತರಿಗೂ ಅದು ನೋವು ಕೊಡುವುದುಂಟು. ಮನೆಯಲ್ಲಿ ವಿಡಿಯೊ ನೋಡಿ ತಮಗೆ ತಾವೇ ಅದನ್ನು ಮಾಡಿಕೊಂಡು ಗಾಬರಿಯಾಗಿ ಬರುವವರು ಬಹಳ.

ಮಗಳಿಗೆ ಹೆಬ್ಬೆರಳನ್ನು ಸೇರಿಸಿ ಹಿಡಿದಿಡುವ ಸ್ಪ್ಲಿಂಟ್ ಮಾಡಿಕೊಟ್ಟೆ. ಫೋನನ್ನು ಪೂರ್ತಿ ಬಿಡು ಎನ್ನಲಿಲ್ಲ, ಏಕೆಂದರೆ ಅವಳ ತರಗತಿಯ ನೋಟ್ಸ್, ಬಸ್ಸಿನ ವೇಳೆ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅದರಲ್ಲೇ ಇದ್ದವು. ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟು ತೋರುಬೆರಳಿನಿಂದ ಒತ್ತಲು, ಉದ್ದದ ಸಂದೇಶಗಳನ್ನು ಬಾಯಲ್ಲೇ ಹೇಳಿ ಬರೆಸಲು, ಮಲಗಿ ನೋಡುವುದನ್ನು ಬಿಡಲು ಹೇಳಿದೆ. ಮೂರು ವಾರಗಳಾದ ಮೇಲೆ ನೋವು ತಗ್ಗಿತು. ಆಗ ಹೆಬ್ಬೆರಳನ್ನು ಅಲುಗಿಸದೆ ಇನ್ನೊಂದು ಕೈಗೆ ವಿರುದ್ಧವಾಗಿ ಒತ್ತಿಹಿಡಿಯುವುದರಿಂದ ಆರಂಭಿಸಿ, ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿ ಹೊರಕ್ಕೆ ಹಿಗ್ಗಿಸುವುದು, ಆಮೇಲೆ ರೊಟ್ಟಿಯ ಹಿಟ್ಟು ನಾದುವುದು, ಕೊನೆಗೆ ಒದ್ದೆ ಟವೆಲ್ ಹಿಂಡುವುದು ಹೀಗೆ ಹೊರೆಯನ್ನು ಹೆಚ್ಚಿಸುತ್ತ ಹೋದೆವು. ಎಲ್ಲರೂ ಕೊಂಡುಕೊಳ್ಳುವ ಸ್ಪಂಜಿನ ಚೆಂಡನ್ನು ನಾನು ಕೊಡಲಿಲ್ಲ. ಅದು ಮುಷ್ಟಿಯನ್ನು ಬಲಪಡಿಸುತ್ತದೆ, ಅವಳಿಗೆ ಬೇಕಾಗಿದ್ದುದು ಅದಲ್ಲ.

ನೋವಿಲ್ಲದೆ ದಿನವಿಡೀ ಫೋನ್ ಹಿಡಿಯುವವರ ಕೈ ಹೇಗಿರುತ್ತದೆ ಎಂಬುದು ಬೇರೆ ಪ್ರಶ್ನೆ. 2015ರಲ್ಲಿ ಟರ್ಕಿಯ ಸಂಶೋಧಕರು 102 ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಅತಿಯಾಗಿ ಸ್ಮಾರ್ಟ್‌ಫೋನ್ ಬಳಸುವವರಲ್ಲಿ ಚಿವುಟುವ ಬಲ ಕಡಿಮೆಯಿರುವುದನ್ನೂ ಮಣಿಕಟ್ಟಿನ ಮಧ್ಯದ ನರ ಉಬ್ಬಿರುವುದನ್ನೂ ಕಂಡರು. ಒಂದೇ ಸಲ ಅಳೆದು ನೋಡುವ ಇಂಥ ಅಧ್ಯಯನಗಳಿಂದ ಫೋನಿಗೂ ಬಲಕ್ಕೂ ನಂಟಿದೆ ಎಂದು ಹೇಳಬಹುದೇ ಹೊರತು, ಯಾವುದರಿಂದ ಯಾವುದು ಆಯಿತೆಂದು ಹೇಳಲಾಗುವುದಿಲ್ಲ. ಬಳಕೆಯನ್ನು ತಿಳಿಯಲು ನಾನು 2013ರಲ್ಲಿ ಕೊರಿಯಾದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಸ್ವಲ್ಪ ಕಾಲ ಬಳಸಿದೆ. ಅದು ಗೀಳನ್ನು ಅಳೆಯುತ್ತದೆ, ಹೆಬ್ಬೆರಳಿನ ದುಡಿಮೆಯನ್ನಲ್ಲ. ಫೋನೇ ತೋರಿಸುವ ಗಂಟೆಗಳ ಲೆಕ್ಕವೂ ಸಾಲದು. ಆರು ಗಂಟೆ ಒರಗಿಸಿಟ್ಟು ಕ್ರಿಕೆಟ್ ನೋಡಿದ ಕೈಗೂ ಮೂರು ಗಂಟೆ ಗೇಮ್ ಆಡಿದ ಕೈಗೂ ಅಜಗಜಾಂತರ. ಹಾಗಾಗಿ ಈಗ ಯಾವ ಕೈ, ಯಾವ ಬೆರಳು, ಕೂತೋ ಮಲಗಿಯೋ ಎಂದು ಕೇಳಿ ಬರೆದುಕೊಳ್ಳುತ್ತೇನೆ. ರಜೆಯಲ್ಲಿ ತೋಟದ ಕೆಲಸಕ್ಕೆ ಇಳಿಯುವ, ಕಬಡ್ಡಿ, ವಾಲಿಬಾಲ್ ಆಡುವ ಹುಡುಗರು ಎಷ್ಟೇ ಫೋನ್ ಹಿಡಿದರೂ ಅವರ ಮುಷ್ಟಿ ಗಟ್ಟಿಯಾಗಿಯೇ ಇರುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಕೈಯ ಬಲವನ್ನು ಫೋನ್ ಕಿತ್ತುಕೊಳ್ಳುತ್ತದೆ ಎನ್ನುವುದಕ್ಕಿಂತ, ಫೋನಿನ ಮುಂದೆ ಕಳೆದ ಹೊತ್ತಿನಲ್ಲಿ ಕೈಗೆ ಬೇರೆ ಕೆಲಸವೇ ಸಿಗುವುದಿಲ್ಲ ಎನ್ನುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಜೋಮು ಇದ್ದವರನ್ನು ಮಾತ್ರ ತಡಮಾಡದೆ ವೈದ್ಯರ ಬಳಿಗೆ ಕಳಿಸುತ್ತೇನೆ. ಮೊಣಕೈ ಮಡಚಿ ಮಲಗಿಕೊಂಡು ಗಂಟೆಗಟ್ಟಲೆ ಫೋನ್ ಹಿಡಿಯುವವರಿಗೆ ಕಿರುಬೆರಳು, ಉಂಗುರಬೆರಳು ಜುಮ್ಮೆನ್ನುವುದುಂಟು. ಹೆಬ್ಬೆರಳಿನ ದಿಣ್ಣೆ ಚಪ್ಪಟೆಯಾಗುತ್ತಿದ್ದರೆ ಅದು ವ್ಯಾಯಾಮದಿಂದ ಸರಿಹೋಗುವ ವಿಷಯವಲ್ಲ, ನರದ ಪರೀಕ್ಷೆ ಆಗಲೇಬೇಕು.

ಜನವರಿಯ ಕೊನೆಯಲ್ಲಿ ತಾಯಿ ಮಗಳು ಮತ್ತೆ ಬಂದರು. ಮಗಳ ಬಲಗೈ ಈಗ ಐದೂವರೆ ಕೆ.ಜಿ. ದಾಟಿತು, ಮುಖದಲ್ಲಿ ನೋವಿನ ಗುರುತಿರಲಿಲ್ಲ. ಎಂಟು ಹತ್ತು ವಾರಗಳಲ್ಲಿ ಇಷ್ಟು ಬಲ ಹಿಂದಿರುಗಿತೆಂದರೆ ಅದು ಹೋಗಿಯೇ ಇರಲಿಲ್ಲ, ನೋವು ಅದನ್ನು ತಡೆದಿತ್ತು ಎಂದು ತಾಯಿಗೆ ವಿವರಿಸಿದೆ. ಅವರು ಗೇಜನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದರು. "ನೀವೂ ಒಂದ್ಸಲ ಒತ್ತಿ ನೋಡಿ" ಎಂದೆ. "ನಂಗ್ಯಾಕೆ ಮೇಡಂ" ಎನ್ನುತ್ತಲೇ ಒತ್ತಿದರು. ಮುಳ್ಳು ಮೂರು ಕೆ.ಜಿ.ಯ ಹತ್ತಿರ ನಿಂತಿತು. ಮತ್ತೆ ಒತ್ತಿಸಿದೆ, ಅಲ್ಲಿಯೇ ನಿಂತಿತು. ಅವರ ಹೆಬ್ಬೆರಳಿನ ಬುಡದ ಕೀಲು ಮೂಲೆಯಾಗಿ ಹೊರಚಾಚಿತ್ತು, ಒತ್ತಿ ತಿರುಗಿಸಿದಾಗ ಒಳಗೆ ಕರಕರ ಸದ್ದು ಬೆರಳಿಗೆ ತಾಗುತ್ತಿತ್ತು. ಬೆರಳ ತುದಿಯಲ್ಲಿ 1 ಕೆ.ಜಿ. ಒತ್ತಿದರೆ ಆ ಕೀಲಿನ ಮೇಲೆ ಸುಮಾರು 12 ಪಟ್ಟು ಬಲ ಬೀಳುತ್ತದೆ. ಅವರು ಎಷ್ಟೋ ವರ್ಷಗಳಿಂದ ಕಾಳುಕಾಳಾಗಿ ಹಣ್ಣು ಕೊಯ್ದವರು. ಎಷ್ಟು ದಿನದಿಂದ ನೋವಿದೆ ಎಂದು ಕೇಳಿದೆ. ಮಗಳ ಕಡೆ ಒಮ್ಮೆ ನೋಡಿ, "ನಾಕೈದು ವರ್ಷ ಆಗಿರ್ಬೇಕು, ಕುಯ್ಲು ಬಿಟ್ಟು ಕೂರಕ್ಕಾಗುತ್ತಾ" ಎಂದರು. ಮೊದಲ ದಿನ ಅವರ ಮುಷ್ಟಿಯಲ್ಲಿ 27 ಕೆ.ಜಿ. ಬಂದಾಗ ನಾನು ಅಲ್ಲಿಗೇ ನಿಲ್ಲಿಸಿದ್ದೆ. ಅವರನ್ನು ಮೇಜಿನ ಹತ್ತಿರ ಕೂರಿಸಿ, ಎರಡನೆಯ ಸ್ಪ್ಲಿಂಟಿಗೆ ಅಳತೆ ತೆಗೆದುಕೊಂಡೆ; ಮಗಳು ತಾಯಿಯ ಕೈಯನ್ನು ಅಲುಗದಂತೆ ಹಿಡಿದಿದ್ದಳು.